ಹೊರಗೇ ಹೋಗದ ಅಜ್ಜಿಗೆ ಸೂಜಿ ಯಾಕೆ ಬೇಕು? ಗದಗ ಜಿಲ್ಲೆಯ ಮನೆಮಂದಿಗೂ ಜಿಲ್ಲಾಡಳಿತಕ್ಕೂ ಒಂದು ಬಹಿರಂಗ ಪತ್ರ

ಗದಗ ಜಿಲ್ಲೆಯ ಎಲ್ಲ ಮನೆಗಳ ಅಣ್ಣಂದಿರೇ, ಅಕ್ಕಂದಿರೇ, ತಮ್ಮ-ತಂಗಿಯರೇ, ಹಾಗೂ ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಮಸ್ಕಾರ.

ನಾನು ಬೆಟಗೇರಿಯಲ್ಲಿ ಒಂದು ಸಣ್ಣ ಔಷಧ ಅಂಗಡಿ ನಡೆಸುತ್ತೇನೆ. ಡಿ.ಫಾರ್ಮಾ ಓದಿದವಳು, ಡಾಕ್ಟರ್ ಅಲ್ಲ. ಆದರೆ ಕೌಂಟರಿನ ಈ ಕಡೆ ನಿಂತವರಿಗೆ ಓಣಿಯ ಮನೆಗಳ ಕಷ್ಟ-ಸುಖ ಗೊತ್ತಾಗುತ್ತಲೇ ಇರುತ್ತದೆ. ಯಾರ ಮನೆಯ ಹಿರಿಯರಿಗೆ ಇನ್ಸುಲಿನ್ ಶುರುವಾಯಿತು, ಯಾರ ಅಪ್ಪನಿಗೆ ದಮ್ಮಿನ ಪಂಪು ತಿಂಗಳಿಗೆ ಒಂದು ಸಾಲುತ್ತಿಲ್ಲ, ಯಾರ ಮನೆಗೆ ದೊಡ್ಡವರ ಡೈಪರ್ ಹೋಗತೊಡಗಿತು, ಇದೆಲ್ಲ ನಮಗೆ ಚೀಟಿಯಲ್ಲೇ ಕಾಣುತ್ತದೆ. ಆ ಚೀಟಿಗಳಲ್ಲಿ ಹೆಸರಿರುವ, ಆದರೆ ಅಂಗಡಿಗೆ ಎಂದೂ ಬರಲಾರದ ಜನರ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮಳೆಗಾಲ ಶುರುವಾದಾಗ ನಮ್ಮ ಖಾಯಂ ಗಿರಾಕಿಯೊಬ್ಬರು ತಾಯಿಯ ಗುಳಿಗೆ ಒಯ್ಯಲು ಬಂದರು. ತಾಯಿಗೆ ಎಂಬತ್ತರ ಹತ್ತಿರ ವಯಸ್ಸು, ಶುಗರ್ ಇದೆ, ಉಸಿರಿನ ತೊಂದರೆ ಇದೆ. ಚೀಟಿಯ ಕೊನೆಗೆ ಡಾಕ್ಟರು ಫ್ಲೂ ಸೂಜಿ ಬರೆದಿದ್ದರು. ಅದೊಂದು ಬಿಟ್ಟು ಉಳಿದದ್ದು ಕೊಡಿ ಅಂದರು. ಯಾಕ್ರೀ ಅಣ್ಣಾರ ಅಂತ ಕೇಳಿದೆ.

"ಆಕಿ ಎಲ್ಲಿ ಹೊರಗ ಹೋಗ್ತಾಳ್ರೀ ಅಕ್ಕಾರ? ಹೊಸ್ತಿಲಾ ದಾಟೂದಿಲ್ಲ. ಆಕಿಗ್ಯಾಕ ಬೇಕು ಸೂಜಿ? ಅದ್ರಾಗ ಮದ್ಲ ಕೊರೊನಾ ಸೂಜಿ ಮಾಡಿಸ್ಕೊಂಡವ್ರೆಲ್ಲ ಹಾರ್ಟ್ ಅಟ್ಯಾಕ್ ಆಗಿ ಹೊಂಟಾರ."

ಅವರು ತಾಯಿಯನ್ನು ಕಡೆಗಣಿಸುವ ಮಗ ಅಲ್ಲ. ಗುಳಿಗೆ ಒಂದು ದಿನ ತಪ್ಪಿಸಿದವರಲ್ಲ. ಸಾಲ ಮಾಡಿ ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿಕೊಂಡು ಬಂದವರು. ಅಂಥ ಮಗನ ಬಾಯಲ್ಲೇ ಈ ಮಾತು ಬಂತು. ಖಾನಾವಳಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಹುಬ್ಬಳ್ಳಿ ಬಸ್ಸಿನಲ್ಲಿ ನೀವೂ ಇದನ್ನು ಕೇಳಿರುತ್ತೀರಿ. ಮುಂದಿನ ಸಲ ಇನ್ನೊಂದು ದೊಡ್ಡ ರೋಗ ಬಂದರೆ ನಮ್ಮ ಮನೆಗಳ ಹಿರಿಯರು ಉಳಿಯುವುದು ಬಿಡುವುದು ಈ ಮಾತಿನ ಮೇಲೆ ನಿಂತಿದೆ ಅಂತ ನನಗೆ ಅನಿಸುತ್ತದೆ. ಅದಕ್ಕೇ ಸುಮ್ನೆ ಕೂರಲು ಆಗಲಿಲ್ಲ.

ಮೊದಲು ಹೊಸ್ತಿಲಿನ ಮಾತು. ಅಜ್ಜಿ ಹೊರಗೆ ಹೋಗುವುದಿಲ್ಲ, ಖರೆ. ಆದರೆ ನಾವು ಹೋಗುತ್ತೇವೆ. ಮಗ ಎಪಿಎಂಸಿಗೆ ಹೋಗಿ ದಲಾಲಿ ಅಂಗಡಿಯಲ್ಲಿ ಹತ್ತಾರು ಜನರ ಜೊತೆ ಕೂರುತ್ತಾನೆ. ಸೊಸೆ ಸಂಘದ ಮೀಟಿಂಗಿಗೆ ಹೋಗುತ್ತಾಳೆ. ಮೊಮ್ಮಗ ದಿನಾ ಹುಬ್ಬಳ್ಳಿಗೆ ಓಡಾಡುತ್ತಾನೆ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಸಣ್ಣ ಮಕ್ಕಳು ಅಂಗನವಾಡಿಯಿಂದ ಮೂಗು ಸುರಿಸಿಕೊಂಡು ಬಂದು ನೇರ ಅಜ್ಜಿಯ ತೊಡೆ ಏರುತ್ತವೆ. ಸಂಜೆಗೆ ಎಲ್ಲರೂ ಒಂದೇ ಪಡಸಾಲೆಯಲ್ಲಿ. ಕೊರೊನಾದಂಥ ರೋಗ ಜ್ವರ-ಕೆಮ್ಮು ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ದಾಟಬಲ್ಲದು. ತಂದವನಿಗೇ ತಾನು ತಂದಿದ್ದೇನೆ ಅಂತ ಗೊತ್ತಿರುವುದಿಲ್ಲ. ಹೊರಗೆ ಹೋಗುವವನು ರೋಗ ಕಂಡರೆ ದೂರ ಸರಿಯಬಹುದು. ಹಾಸಿಗೆಯಲ್ಲಿರುವ ಅಜ್ಜಿ ಎಲ್ಲಿಗೆ ಸರಿಯಬೇಕು?

ವಯಸ್ಸಾದ ಮೈಯಲ್ಲಿ ರೋಗದ ಜೊತೆ ಹೋರಾಡುವ ಶಕ್ತಿ ಇಳಿದಿರುತ್ತದೆ. ಶುಗರ್, ಕಿಡ್ನಿ, ದಮ್ಮು ಇದ್ದರಂತೂ ಇನ್ನೂ ಇಳಿದಿರುತ್ತದೆ. ದೇಶದಲ್ಲಿ ಕೊರೊನಾದಿಂದ ಮೊದಲು ಸತ್ತವರು ನಮ್ಮ ಕಲಬುರಗಿಯವರು, 2020ರ ಮಾರ್ಚ್‌ನಲ್ಲಿ. ಅವರಿಗೆ 76 ವರ್ಷ. ಆ ವರ್ಷ ಕೇಂದ್ರ ಆರೋಗ್ಯ ಇಲಾಖೆ ಕೊಟ್ಟ ಲೆಕ್ಕದಲ್ಲಿ ಸತ್ತವರ ಪೈಕಿ ಅರ್ಧಕ್ಕಿಂತ ಜಾಸ್ತಿ ಮಂದಿ 60 ದಾಟಿದವರು. ನಮ್ಮ ಜನಸಂಖ್ಯೆಯಲ್ಲಿ ಅವರು ಸುಮಾರು ಹತ್ತಕ್ಕೆ ಒಬ್ಬರು ಅಷ್ಟೇ. ಸೂಜಿ ಎಲ್ಲರಿಗಿಂತ ಮೊದಲು ಬೇಕಾಗಿದ್ದದ್ದು ಹೊಸ್ತಿಲು ದಾಟದವರಿಗೇ.

ಬೆಟಗೇರಿಯ ಒಂದು ನೇಕಾರರ ಮನೆಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಎರಡು ಕೈಮಗ್ಗ ಇರುವ ಮನೆ. ಅಜ್ಜಿ ಎಪ್ಪತ್ತು ದಾಟಿದ್ದರೂ ಮೂಲೆಯಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದರು. ಬೆರಳಿಗೆ ನೂಲು ಕೊಯ್ದು ಕೊಯ್ದು ಗೀರು ಬಿದ್ದಿದ್ದವು, ಅದಕ್ಕೆ ಹಚ್ಚಲು ನಮ್ಮಲ್ಲಿಂದ ಮುಲಾಮು ಹೋಗುತ್ತಿತ್ತು. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯಿತು. ಆಶಾ ಕಾರ್ಯಕರ್ತೆ ಓಣಿಗೆ ಬಂದು ಕರೆದರು. "ಆಯಿ ಎಲ್ಲೂ ಹೋಗೂದಿಲ್ಲ ಬಿಡ್ರಿ" ಅಂತ ಮನೆಯವರು ಕಳಿಸಿದರು. ಆಗ ಊರಲ್ಲಿ ರೋಗ ಅಷ್ಟಾಗಿ ಇರಲಿಲ್ಲ. ಸೂಜಿಯ ಹೆದರಿಕೆಯೇ ಜಾಸ್ತಿ ಇತ್ತು. ಏಪ್ರಿಲ್ ಕೊನೆಗೆ ಹುಬ್ಬಳ್ಳಿಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೊಮ್ಮಗ ಊರಿಗೆ ಬಂದ. ಅವನಿಗೆ ಎರಡು ದಿನ ನೆಗಡಿ, ಊಟದ ವಾಸನೆ ಹತ್ತಲಿಲ್ಲ, ಅಷ್ಟೇ. ವಾರದೊಳಗೆ ಅಜ್ಜಿಗೆ ಜ್ವರ ಬಂತು, ಉಸಿರು ಸಿಕ್ಕಿಕೊಂಡಿತು. ಬೆಡ್ ಹುಡುಕುವುದರಲ್ಲೇ ಒಂದು ದಿನ ಹೋಯಿತು. ಅವರು ತಿರುಗಿ ಬರಲಿಲ್ಲ.

ಆ ಹುಡುಗ ಈಗಲೂ ನಮ್ಮ ಅಂಗಡಿಗೆ ಬರುತ್ತಾನೆ. ಗಿರಾಕಿ ಇಲ್ಲದ ಹೊತ್ತು ನೋಡಿ ಒಮ್ಮೆ ಕೇಳಿದ್ದ, "ಅಕ್ಕಾರ, ನಾನ ತಂದ್ನೇನ್ರಿ?" ಈ ಪ್ರಶ್ನೆ ಹೊತ್ತುಕೊಂಡು ಓಡಾಡುವ ಮೊಮ್ಮಕ್ಕಳು ನಮ್ಮ ಗದಗ, ಧಾರವಾಡ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಎಷ್ಟು ಜನ ಇದ್ದಾರೋ. ಅವನ ತಪ್ಪಲ್ಲ. 18 ದಾಟಿದವರಿಗೆ ಲಸಿಕೆ ಶುರು ಅಂತ ಹೇಳಿದ್ದೇ 2021ರ ಮೇ 1ರಿಂದ. ಹೇಳಿದ ಮೇಲೂ ಸ್ಟಾಕ್ ಇಲ್ಲದೆ ರಾಜ್ಯದಲ್ಲಿ ಆ ವಯಸ್ಸಿನವರಿಗೆ ಕೊಡುವುದನ್ನು ಕೆಲ ದಿನಗಳಲ್ಲೇ ನಿಲ್ಲಿಸಿದ್ದರು. ಅವನು ಬೇಕೆಂದರೂ ಹಾಕಿಸಿಕೊಳ್ಳಲು ಆಗುತ್ತಿರಲಿಲ್ಲ. ಅಜ್ಜಿಗೆ ಮಾತ್ರ ಮಾರ್ಚ್‌ನಿಂದಲೇ ಅವಕಾಶ ಇತ್ತು.

2021ರ ಆ ಮೊದಲ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಜನವರಿ 16ಕ್ಕೆ ಲಸಿಕೆ ಬಂತು, ಮೊದಲು ಆರೋಗ್ಯ ಕಾರ್ಯಕರ್ತರಿಗೆ. ಮಾರ್ಚ್‌ನಲ್ಲಿ ಹಿರಿಯರಿಗೆ ಶುರುವಾದಾಗಲೂ ಕೇಂದ್ರಗಳಲ್ಲಿ ಸಿಸ್ಟರ್‌ಗಳು ಜನರ ದಾರಿ ಕಾಯುತ್ತಾ ಕುಳಿತಿದ್ದರು. ಏಪ್ರಿಲ್-ಮೇನಲ್ಲಿ ಹೆಣಗಳು ಬೀಳಲು ಶುರುವಾದಾಗ ಬೆಳಗಿನ ಜಾವದಿಂದ ಪಾಳಿ ಹಚ್ಚಿದೆವು. ಆಗ ಬಾಟಲಿ ಇರಲಿಲ್ಲ. ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ 12ರಿಂದ 16 ವಾರ ಅಂತ ಮೇ ತಿಂಗಳಲ್ಲಿ ಮಾಡಿದರು. ಎರಡನೇ ಡೋಸ್ ಆದ ಮೇಲೂ ಮೈ ಪೂರ್ತಿ ತಯಾರಾಗಲು ಸುಮಾರು ಎರಡು ವಾರ ಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಯಿತು ನಮ್ಮ ಕಥೆ. ರೋಗ ಇಲ್ಲದ ಹೊತ್ತಲ್ಲಿ, ಅವಸರ ಇಲ್ಲದಾಗಲೇ ಮನೆಯಲ್ಲಿ ಕೂತು ನಿರ್ಧಾರ ಮಾಡಬೇಕು. ಈಗ ಅಂಥ ಹೊತ್ತು ಇದೆ ಅಂತಲೇ ಈಗ ಬರೆಯುತ್ತಿದ್ದೇನೆ.

ಇನ್ನು ಹಾರ್ಟ್ ಅಟ್ಯಾಕ್ ಮಾತು. ಇದನ್ನು ಹೇಳುವವರನ್ನು ನಾನು ದಡ್ಡರು ಅನ್ನುವುದಿಲ್ಲ. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಸತ್ತ ಸುದ್ದಿ ದಿನಾ ಟಿವಿಯಲ್ಲಿ ಬಂತು. ಅದರಲ್ಲಿ ಸಣ್ಣ ವಯಸ್ಸಿನವರಿದ್ದರು. ಹೆದರಿಕೆ ಆಗದೇ ಇರುತ್ತದಾ? ನನಗೂ ನನ್ನ ತಮ್ಮಂದಿರ ಚಿಂತೆ ಆಗಿತ್ತು. ಆದರೆ ಹೆದರಿಕೆ ಆದ ಮೇಲೆ ವಿಚಾರಿಸಿ ನೋಡಬೇಕಲ್ವಾ? ವಿಚಾರಿಸಿದವರು ಏನು ಹೇಳಿದರು ಅನ್ನುವುದು ಮಾತ್ರ ನಮ್ಮ ಕಟ್ಟೆಗಳವರೆಗೆ ಬರಲೇ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ಇದನ್ನೇ ಹುಡುಕಿದರು. 18ರಿಂದ 45 ವಯಸ್ಸಿನ, ನೋಡಲು ಗಟ್ಟಿಯಾಗಿದ್ದು ದಿಢೀರ್ ಅಂತ ಸತ್ತವರ ವಿವರ ತೆಗೆದು, ಅದೇ ವಯಸ್ಸಿನ ಬದುಕಿರುವವರ ಜೊತೆ ಹೋಲಿಸಿದರು. ಲಸಿಕೆಯಿಂದ ಇಂಥ ಸಾವು ಹೆಚ್ಚಾಗಿದ್ದು ಕಾಣಲಿಲ್ಲ. ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಯಾರಿಗೆ ಗೊತ್ತಾ? ಕೊರೊನಾ ಬಂದು ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಹಿಂದೆಯೂ ಹೀಗೆ ದಿಢೀರ್ ಸಾವು ಆಗಿದ್ದವರಿಗೆ, ವಿಪರೀತ ಕುಡಿದವರಿಗೆ, ಒಮ್ಮೆಲೇ ಮೈ ದಂಡಿಸಿದವರಿಗೆ. ಈ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ನಮ್ಮ ರಾಜ್ಯ ಸರ್ಕಾರವೂ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಅವರೂ 2025ರಲ್ಲಿ ಲಸಿಕೆಗೂ ಈ ಸಾವುಗಳಿಗೂ ನೇರ ಸಂಬಂಧ ಕಾಣುತ್ತಿಲ್ಲ ಅಂತಲೇ ವರದಿ ಕೊಟ್ಟರು.

ಅಂದರೆ ಲಸಿಕೆಯಿಂದ ಯಾರಿಗೂ ಏನೂ ಆಗಿಲ್ಲವಾ? ಹಾಗೆ ನಾನು ಹೇಳುವುದಿಲ್ಲ. ಕೋವಿಶೀಲ್ಡ್‌ನಂಥ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತದೆ ಅಂತ 2021ರಲ್ಲೇ ಗೊತ್ತಾಗಿತ್ತು. ಯುರೋಪಿನ ಕೆಲವು ದೇಶಗಳು ಆಗಲೇ ಸಣ್ಣ ವಯಸ್ಸಿನವರಿಗೆ ಅದನ್ನು ಕೊಡುವುದು ನಿಲ್ಲಿಸಿದ್ದವು. ಆ ಲಸಿಕೆ ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿಯೂ ಇದನ್ನು ಬ್ರಿಟನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದು 2024ರಲ್ಲಿ ಸುದ್ದಿಯಾಯಿತು. ಬ್ರಿಟನ್ನಿನ ಲೆಕ್ಕದಲ್ಲಿ ಅದು ಲಕ್ಷಕ್ಕೆ ಒಬ್ಬಿಬ್ಬರಿಗೆ ಆಗಿದ್ದು. ಅದೂ ಚುಚ್ಚಿಸಿಕೊಂಡ ಕೆಲವು ವಾರಗಳೊಳಗೆ. ನಾಲ್ಕು ವರ್ಷ ಬಿಟ್ಟು ಹೊಲದಲ್ಲಿ ಕುಸಿದು ಬಿದ್ದವರಿಗೆ ಅದನ್ನು ಗಂಟು ಹಾಕಲು ಬರುವುದಿಲ್ಲ. ಆ ಒಬ್ಬಿಬ್ಬರ ಮನೆಯವರ ದುಃಖ ದೊಡ್ಡದೇ. ಅವರಿಗೆ ಪರಿಹಾರ ಸಿಗಬೇಕು, ಅವರ ಮಾತನ್ನು ಮುಚ್ಚಿಡಬಾರದು. ಆದರೆ ಶುಗರ್ ಇರುವ ಎಪ್ಪತ್ತೈದರ ತಾಯಿಗೆ ಕೊರೊನಾದಿಂದ ಇದ್ದ ಅಪಾಯದ ಪಕ್ಕದಲ್ಲಿ ಇಟ್ಟು ನೋಡಿ. ಎರಡೂ ಒಂದೇ ತೂಕದವಲ್ಲ.

"ಸೂಜಿ ಮಾಡಿಸ್ಕೊಂಡವ್ರಿಗೂ ಬಂತಲ್ರೀ ಮತ್ತ?" ಅಂತಲೂ ಕೇಳುತ್ತಾರೆ. ಬಂತು. 2021ರ ನವೆಂಬರ್‌ನಲ್ಲಿ ಧಾರವಾಡದ ಒಂದು ಮೆಡಿಕಲ್ ಕಾಲೇಜಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮಂದಿಗೆ ಒಮ್ಮೆಲೇ ಪಾಸಿಟಿವ್ ಬಂದಿದ್ದು ನಿಮಗೂ ನೆನಪಿರಬಹುದು. ಕಾಲೇಜಿನ ಒಂದು ಕಾರ್ಯಕ್ರಮದಿಂದ ಹರಡಿದ್ದು. ಅವರಲ್ಲಿ ಹೆಚ್ಚಿನವರು ಎರಡೂ ಡೋಸ್ ಆದವರು. ಇದನ್ನು ಹೇಳಿ "ಏನೂ ಉಪಯೋಗ ಇಲ್ಲ" ಅನ್ನುವವರು ಮುಂದಿನ ಅರ್ಧ ಹೇಳುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ರೋಗದ ಲಕ್ಷಣವೇ ಇರಲಿಲ್ಲ, ಇದ್ದವರಿಗೂ ಸಣ್ಣ ಪ್ರಮಾಣದ್ದು. ಇದರಿಂದ ನಮ್ಮ ಮನೆಗಳಿಗೆ ಎರಡು ವಿಷಯ ತಿಳಿಯಬೇಕು. ಲಸಿಕೆ ಮುಖ್ಯವಾಗಿ ತಡೆಯುವುದು ರೋಗ ಜೋರಾಗುವುದನ್ನು, ಐಸಿಯು ಮತ್ತು ಸಾವನ್ನು. ಹರಡುವುದನ್ನು ಅದು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸುವುದಿಲ್ಲ. ಹಾಗಾಗಿ ಗಟ್ಟಿ ಮೈಯ ಹುಡುಗರು ಹಾಕಿಸಿಕೊಂಡರೆ ಸಾಕು, ಅಜ್ಜಿಗೆ ಬೇಡ ಅನ್ನಲು ಬರುವುದಿಲ್ಲ. ಅಜ್ಜಿಗೆ ಹಾಕಿಸಿದ್ದೇವೆ, ನಾವು ನೆಗಡಿ ಇದ್ದರೂ ಪಕ್ಕದಲ್ಲೇ ಮಲಗುತ್ತೇವೆ ಅನ್ನಲೂ ಬರುವುದಿಲ್ಲ.

ಲಸಿಕೆ ಪೂರ್ತಿ ಹತ್ತದ ಮೈಗಳೂ ಇವೆ. ಮುಂಡರಗಿ ಕಡೆಯ ಒಬ್ಬ ಹುಡುಗ ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಾನೆ. ಕಿಡ್ನಿ ಬದಲಿಸಿಕೊಂಡವನು, ತಾಯಿಯೇ ಕೊಟ್ಟಿದ್ದು. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸಬಾರದು ಅಂತ ಹನ್ನೆರಡು ತಾಸಿಗೊಮ್ಮೆ ಗುಳಿಗೆ ತಗೊಳ್ಳಬೇಕು. ಫೋನಿನಲ್ಲಿ ಅಲಾರಾಂ ಇಟ್ಟುಕೊಂಡಿದ್ದಾನೆ. ಆ ಗುಳಿಗೆ ಕೆಲಸ ಮಾಡುವುದೇ ಮೈಯ ರೋಗ ನಿರೋಧಕ ಶಕ್ತಿಯನ್ನು ಕಟ್ಟಿಹಾಕಿ. ಹಾಗಾಗಿ ಅವನಿಗೆ ಸೂಜಿ ಹಾಕಿದರೂ ನಮ್ಮಷ್ಟು ಹತ್ತುವುದಿಲ್ಲ. ಕೆಲವು ಲಸಿಕೆಗಳನ್ನು ಕೊಡುವಂತೆಯೇ ಇಲ್ಲ. ಡಯಾಲಿಸಿಸ್ ಮೇಲಿರುವವರು, ಕ್ಯಾನ್ಸರ್‌ಗೆ ಕಿಮೋ ತಗೊಳ್ಳುವವರ ಕಥೆಯೂ ಹೆಚ್ಚುಕಡಿಮೆ ಇದೇ. ಅವರನ್ನು ಉಳಿಸುವುದು ಅವರ ಸುತ್ತಲಿನ ಜನ. ಈ ಹುಡುಗನ ಮನೆಯವರು ಅದನ್ನು ಎಷ್ಟು ಚೆನ್ನಾಗಿ ತಿಳಿದಿದ್ದಾರೆ ಅಂದರೆ, ಮನೆಯಲ್ಲಿ ಯಾರಿಗೆ ನೆಗಡಿ ಆದರೂ ಅವರು ಅಣ್ಣನ ಮನೆಯಲ್ಲಿ ಮಲಗುತ್ತಾರೆ. ಲಸಿಕೆ ಬಂದಾಗ ಅವನ ಹೆಂಡತಿ, ಅಣ್ಣ, ಅತ್ತಿಗೆ ಎಲ್ಲರೂ ತಮ್ಮ ಪಾಳಿ ಬಂದ ದಿನವೇ ಹಾಕಿಸಿಕೊಂಡರು. ಅವರಲ್ಲಿ ಹೈಸ್ಕೂಲು ದಾಟಿದವರು ಒಬ್ಬರೂ ಇಲ್ಲ.

ಈಗ ಒಂದು ಸೂಕ್ಷ್ಮದ ಮಾತು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಲು ಹೋಗಬೇಕು. ಹೋಗದಿದ್ದರೆ ಅದು ವರ್ಷಗಟ್ಟಲೆ ಮಾತಾಗುತ್ತದೆ. ಬ್ರೆಡ್ಡು, ಬಾಳೆಹಣ್ಣು, ಎಳನೀರು ಹಿಡಿದುಕೊಂಡು ಬೀಗರು ಬರುತ್ತಾರೆ, ಓಣಿಯವರು ಬರುತ್ತಾರೆ. ತಲೆದೆಸೆಗೆ ಕೂತು, ಗಲ್ಲ ಸವರಿ, ಕಿವಿಯ ಹತ್ತಿರ ಬಾಗಿ "ಆರಾಮ್ ಅದಿಯೇನಬೇ?" ಅಂತ ಕೇಳುತ್ತಾರೆ. ಇದು ನಮ್ಮ ಪ್ರೀತಿಯ ರೀತಿ, ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ರೋಗ ಹರಡುವ ತಿಂಗಳುಗಳಲ್ಲಿ ಹಿರಿಯರಿಗೆ ಇದಕ್ಕಿಂತ ಅಪಾಯದ್ದು ಇನ್ನೊಂದಿಲ್ಲ. ಮನೆಯವರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಬೀಗರು ಮುನಿಸಿಕೊಂಡಾರು ಅಂತ ಹೆದರುತ್ತಾರೆ. ಹಾಗಾಗಿ ಬರುವವರೇ ತಿಳಿದು ಬಾಗಿಲಲ್ಲಿ ನಿಲ್ಲಬೇಕು. ಕಿಟಕಿಯಿಂದ ಮಾತಾಡಿಸಬಹುದು, ವಿಡಿಯೋ ಕಾಲ್ ಮಾಡಬಹುದು. ಒಳಗೆ ಹೋಗಲೇಬೇಕಾದರೆ ಮಾಸ್ಕ್ ಹಾಕಿ, ಕಿಟಕಿ-ಬಾಗಿಲು ತೆರೆದು, ಐದು ನಿಮಿಷ ಕೂತು ಬನ್ನಿ. ಮನೆಯವರೇ, ಹೇಳಲು ಸಂಕೋಚ ಆದರೆ ಡಾಕ್ಟರ್ ಬೇಡ ಅಂದಿದ್ದಾರೆ ಅನ್ನಿ. ಔಷಧ ಅಂಗಡಿಯ ಅಕ್ಕ ಬೈದಳು ಅಂದರೂ ಸರಿ, ನನಗೇನೂ ಬೇಜಾರಿಲ್ಲ. ಮಠಗಳ ಸ್ವಾಮೀಜಿಗಳು, ಜಮಾತಿನ ಹಿರಿಯರು, ಓಣಿಯ ಪಂಚರು ಒಮ್ಮೆ ಬಾಯಿ ಬಿಟ್ಟು ಹೇಳಿದರೆ ಮನೆಯವರ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಇನ್ನೊಬ್ಬರನ್ನು ನಾವು ಮರೆತೇ ಬಿಡುತ್ತೇವೆ. ಅಜ್ಜಿಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ತುತ್ತು ಮಾಡಿ ಉಣಿಸುವುದು ಯಾರು? ನೂರಕ್ಕೆ ತೊಂಬತ್ತು ಮನೆಗಳಲ್ಲಿ ಸೊಸೆ, ಇಲ್ಲಾ ತವರಿಗೆ ಬಂದಿರುವ ಮಗಳು. ಅಜ್ಜಿಯ ಮುಖಕ್ಕೆ ಎಲ್ಲರಿಗಿಂತ ಹತ್ತಿರ ಉಸಿರಾಡುವವಳು ಅವಳು. ಮನೆಯ ಗಂಡಸರಿಗೆಲ್ಲ ಆದ ಮೇಲೆ ಕೊನೆಗೆ ಸೂಜಿ ಹಾಕಿಸಿಕೊಂಡವಳೂ ಅವಳೇ, ಎಷ್ಟೋ ಕಡೆ ಹಾಕಿಸಿಕೊಳ್ಳದೇ ಉಳಿದವಳೂ ಅವಳೇ. ಯಾಕೆ ಅಂತ ಕೇಳಿದರೆ ಹೆದರಿಕೆ ಕಾರಣ ಅಲ್ಲ. "ಜ್ವರ ಬಂದ್ರ ಅಡಿಗಿ ಯಾರ್ ಮಾಡ್ತಾರ್ರೀ ಅಕ್ಕಾರ?" ಅನ್ನುತ್ತಾಳೆ. ಸೂಜಿಯ ನಂತರ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಹಜ. ಆ ಒಂದೆರಡು ದಿನ ಅವಳಿಗೆ ಮಲಗಲು ಬಿಡುವವರು ಮನೆಯಲ್ಲಿ ಯಾರೂ ಇಲ್ಲ ಅನ್ನುವುದೇ ಕಾರಣ. ಅಣ್ಣಂದಿರೇ, ನಿಮ್ಮ ತಾಯಿ ಉಳಿಯಬೇಕು ಅಂದರೆ ಎರಡು ದಿನ ರೊಟ್ಟಿ ಖಾನಾವಳಿಯಿಂದ ತನ್ನಿ. ಅನ್ನ ನೀವೇ ಇಡಿ. ಇದು ಸಣ್ಣ ಮಾತು ಅಂತ ತಿಳಿಯಬೇಡಿ. ಲಸಿಕೆಯ ಬಗ್ಗೆ ನಾನು ಕೇಳಿದ ಎಲ್ಲ ತಕರಾರುಗಳಲ್ಲಿ ಇದೊಂದಕ್ಕೆ ನನ್ನ ಹತ್ತಿರ ಯಾವ ಪುಸ್ತಕದ ಉತ್ತರವೂ ಇಲ್ಲ. ಉತ್ತರ ನಿಮ್ಮ ಕೈಯಲ್ಲಿದೆ.

ನಮ್ಮ ಸೀಮೆಗೆ ಸೂಜಿ ಹೊಸದೇನಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಹುಬ್ಬಳ್ಳಿ-ಧಾರವಾಡಕ್ಕೂ ಮುಟ್ಟಿತು. ಗದಗ, ಹಾವೇರಿ ಆಗ ಧಾರವಾಡ ಜಿಲ್ಲೆಯೊಳಗೇ ಇದ್ದವು. ಪ್ಲೇಗಿಗೆ ಲಸಿಕೆ ಮಾಡಿದ ಹಾಫ್ಕಿನ್ 1897ರ ಜನವರಿಯಲ್ಲಿ ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದರು. ಮರುವರ್ಷ, 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಫೋನಿಲ್ಲ, ರೇಡಿಯೋ ಇಲ್ಲ, ಆಳುವವರು ಪರದೇಶದವರು. ಆ ಕಾಲದಲ್ಲೂ ಜನ ಕಣ್ಣಾರೆ ನೋಡಿ ಒಪ್ಪಿಕೊಂಡರು. ಎಡವಟ್ಟೂ ಆಗಿದೆ. 1902ರಲ್ಲಿ ಆಗಿನ ಪಂಜಾಬಿನ ಮುಲ್ಕೋವಾಲ್‌ನಲ್ಲಿ, ತೆರೆಯುವಾಗ ಹೊಲಸು ತಗುಲಿದ ಒಂದು ಬಾಟಲಿಯಿಂದ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್‌ರನ್ನು ಕೆಲಸದಿಂದ ದೂರ ಇಟ್ಟು ವಿಚಾರಣೆ ಮಾಡಿದರು. ಅವರ ತಪ್ಪಲ್ಲ ಅಂತ ಹೇಳಲು 1907 ಬಂತು. ಬಾಟಲಿ ಎಲ್ಲಿ, ಯಾರ ಕೈಯಲ್ಲಿ ತೆರೆಯಿತು ಅನ್ನುವುದು ಎಷ್ಟು ಮುಖ್ಯ ಅಂತ ಅಂಗಡಿಯ ಫ್ರಿಜ್ಜಿನ ಟೆಂಪರೇಚರ್ ದಿನಕ್ಕೆರಡು ಸಲ ಬರೆದಿಡುವಾಗ ನನಗೆ ನೆನಪಾಗುತ್ತದೆ. ಎರಡರಿಂದ ಎಂಟು ಡಿಗ್ರಿ ದಾಟಬಾರದು.

ಇನ್ನೂ ಹತ್ತಿರದ್ದು ಬೇಕೆಂದರೆ ನಿಮ್ಮ ಮನೆಯ ಅಜ್ಜಿಯ ತೋಳು ನೋಡಿ. ಕುಪ್ಪಸದ ತೋಳಿನ ಕೆಳಗೆ ಗುಂಡಗೆ ಒಂದು ಹಳೆಯ ಕಲೆ ಇರಬಹುದು. ಸಿಡುಬಿನ ಸೂಜಿಯದು. ಅವರ ಓರಗೆಯವರಲ್ಲಿ ಸಿಡುಬಿನಿಂದ ಕಣ್ಣು ಹೋದವರು, ಮುಖ ಕೆಟ್ಟವರು ಯಾರಿದ್ದರು ಅಂತ ಕೇಳಿ, ಹೆಸರು ಹೇಳುತ್ತಾರೆ. ನಮ್ಮ ದೇಶದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರಲ್ಲಿ. ಸಹಜವಾಗಿ ಹರಡುವ ಪೋಲಿಯೋ ವೈರಸ್ಸಿನ ಕೊನೆಯದು 2011ರಲ್ಲಿ.

ಮಾನ್ಯ ಜಿಲ್ಲಾಧಿಕಾರಿಗಳೇ, ಆರೋಗ್ಯಾಧಿಕಾರಿಗಳೇ, ಇನ್ನು ನಿಮ್ಮ ಹತ್ತಿರ ಮಾತಾಡಬೇಕು. ಜನರ ಮೇಲೇ ಎಲ್ಲ ಹೊರಿಸಿದರೆ ಅನ್ಯಾಯ ಆಗುತ್ತದೆ. 60 ದಾಟಿದವರಿಗೆ ಲಸಿಕೆ ಶುರುವಾಗಿದ್ದು 2021ರ ಮಾರ್ಚ್ 1ಕ್ಕೆ. ನಡೆಯಲಾಗದವರಿಗೆ ಮನೆಗೇ ಹೋಗಿ ಹಾಕಬಹುದು ಅಂತ ಕೇಂದ್ರ ಸರ್ಕಾರ ಹೇಳಿದ್ದು ಸೆಪ್ಟೆಂಬರ್ 23ಕ್ಕೆ. ನಡುವೆ ಎರಡನೇ ಅಲೆ ಬಂದು ಹೋಗಿತ್ತು. ಪಾರ್ಶ್ವವಾಯು ಹೊಡೆದ ಅಪ್ಪನನ್ನು ಆಟೋದಲ್ಲಿ ಹಾಕಿಕೊಂಡು, ಕೆಮ್ಮುವವರ ಪಾಳಿಯಲ್ಲಿ ನಿಲ್ಲಿಸಿ, ಇವತ್ತು ಸ್ಟಾಕ್ ಮುಗಿಯಿತು ಅಂತ ಹೇಳಿಸಿಕೊಂಡು ಬಂದವರು ಎಷ್ಟು ಜನ! ಹೀಗೆ ಎರಡು ಸಲ ಆದ ಮೇಲೆ ಅವರು ಮೂರನೇ ಸಲ ಹೋಗಲಿಲ್ಲ. ಅವರನ್ನು ಲಸಿಕೆ ನಿರಾಕರಿಸಿದವರು ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಹಾಸಿಗೆ ಹಿಡಿದವರ ಪಟ್ಟಿ ಈಗಲೇ ಮಾಡಿಸಿ. ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡಲು ಮನೆ ಬಾಗಿಲಿಗೆ ಜನ ಬರುತ್ತಾರೆ. ಅದೇ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಿಗೆ ಬರೆದರಾಯಿತು: ಈ ಮನೆಯಲ್ಲಿ ನಡೆಯಲಾಗದವರು ಇದ್ದಾರಾ, ಡಯಾಲಿಸಿಸ್ ಅಥವಾ ಕಿಮೋದವರು ಇದ್ದಾರಾ, ಅವರನ್ನು ನೋಡಿಕೊಳ್ಳುವವರು ಯಾರು. ಮನೆಯವರ ಒಪ್ಪಿಗೆ ಕೇಳಿ ಬರೆಯಿರಿ, ಬೇರೆಯವರಿಗೆ ತೋರಿಸಬೇಡಿ. ಮುಂದೆ ಯಾವ ಲಸಿಕೆ ಬಂದರೂ ಐಸ್ ಬಾಕ್ಸ್ ಮೊದಲು ಹೋಗಬೇಕಾದದ್ದು ಈ ಮನೆಗಳಿಗೆ. ಹೋದ ಮೇಲೆ ನೋಡಿಕೊಳ್ಳುವವರಿಗೂ ಅಲ್ಲೇ ಹಾಕಿ. ಹಾಕಿ ಅರ್ಧ ತಾಸು ಕೂತು ಮಾತಾಡಿ ಬರಲು ಸಿಸ್ಟರ್‌ಗೆ ಸಮಯ ಕೊಡಿ, ಟಾರ್ಗೆಟ್ ಅಂತ ಓಡಿಸಬೇಡಿ.

ದಯವಿಟ್ಟು ಹೆದರಿಸಬೇಡಿ. ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಅಂತ 2021ರಲ್ಲಿ ನಮ್ಮ ರಾಜ್ಯದ ಒಂದು ಜಿಲ್ಲೆಯಲ್ಲಿ ಹೇಳಿದ್ದರು. ಯಾರಿಗೂ ಒತ್ತಾಯದಿಂದ ಲಸಿಕೆ ಹಾಕುವಂತಿಲ್ಲ ಅಂತ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟ್ ಹೇಳದಿದ್ದರೂ, ಅಕ್ಕಿ ನಿಲ್ಲಿಸುತ್ತೇವೆ ಅಂದವರು ಕೊಟ್ಟ ಔಷಧವನ್ನು ಯಾವ ಬಡವರು ನಂಬುತ್ತಾರೆ? ಬದಲಿಗೆ ಲೆಕ್ಕ ಬಿಚ್ಚಿ ತೋರಿಸಿ. ಲಸಿಕೆಯ ನಂತರ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಏನು ತೊಂದರೆ ಆಯಿತು, ವಿಚಾರಣೆಯಲ್ಲಿ ಏನು ಕಂಡಿತು, ಹೆಸರು ಬಿಟ್ಟು ಉಳಿದದ್ದನ್ನು ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಹಚ್ಚಿ. ಹಾಸನದ ಸುದ್ದಿ ಬಂದಾಗ ತಜ್ಞರ ವರದಿಯ ನಾಲ್ಕು ಸಾಲನ್ನು ನಮ್ಮ ಜನರ ಭಾಷೆಯಲ್ಲಿ ಹೇಳುವವರು ಇದ್ದಿದ್ದರೆ ನನ್ನ ಗಿರಾಕಿ ಆ ಮಾತು ಆಡುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಫ್ಲೂ ಸೂಜಿಯ ಬಗ್ಗೆಯೂ ಒಂದು ಬೇಡಿಕೆ. ಅದು ಪ್ರತಿ ವರ್ಷ ಹಾಕಿಸಬೇಕಾದದ್ದು, ಯಾಕೆಂದರೆ ವೈರಸ್ ಬದಲಾಗುತ್ತಾ ಹೋಗುತ್ತದೆ. ಹೊರಗೆ ಅದಕ್ಕೆ ಸಾವಿರ ರೂಪಾಯಿಗಿಂತ ಜಾಸ್ತಿ ಆಗುತ್ತದೆ. ಮಗ್ಗದ ಕೂಲಿಯಲ್ಲಿ ಬದುಕುವ ಮನೆಗೆ ಅದು ದೊಡ್ಡ ದುಡ್ಡು. ಬೆಲೆ ಕೇಳಿ ಚೀಟಿ ಮಡಚಿಕೊಂಡು ಹೋದವರನ್ನು ನಾನು ನೋಡುತ್ತಲೇ ಇರುತ್ತೇನೆ. 60 ದಾಟಿದ, ಶುಗರ್ ಅಥವಾ ದಮ್ಮು ಇರುವ ಬಡವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಳೆಗಾಲದ ಮೊದಲು ಪುಕ್ಕಟೆ ಕೊಡುವಂತೆ ಸರ್ಕಾರಕ್ಕೆ ಬರೆಯಿರಿ. ಪ್ರತಿ ವರ್ಷ ಹಿರಿಯರಿಗೆ ಸೂಜಿ ಹಾಕಿಸುವ ರೂಢಿ ಇರುವ ಊರಲ್ಲಿ ಹೊಸ ರೋಗದ ಲಸಿಕೆ ಬಂದಾಗ ಜನ ಇಷ್ಟು ಬೆದರುವುದಿಲ್ಲ.

ಬೆಟಗೇರಿಯ ನಮ್ಮ ಓಣಿಗಳಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಮಾಡಲು ಆಶಾ ಕಾರ್ಯಕರ್ತೆಯನ್ನು ಕಳಿಸಿದರೆ ಅವರ ಜೊತೆ ಮನೆ ಮನೆಗೆ ಬರಲು ನಾನು ತಯಾರಿದ್ದೇನೆ. ಗುರುತಿನವರು ಜೊತೆಗಿದ್ದರೆ ಬಾಗಿಲು ಬೇಗ ತೆರೆಯುತ್ತದೆ. ಅಂಗಡಿ ಮಧ್ಯಾಹ್ನ ಎರಡರಿಂದ ನಾಲ್ಕು ಮುಚ್ಚಿರುತ್ತದೆ. ಆ ಹೊತ್ತಿಗೆ ಬರಲು ಹೇಳಿ.

ಇಂತಿ ನಿಮ್ಮ,
ಬೆಟಗೇರಿಯ ಔಷಧ ಅಂಗಡಿಯವಳು